ಕಿಡ್ನಿ ಕಸಿಯಾದ ಮೇಲೆ ಕೈ ನಡುಗಿದರೆ ಮಾತ್ರೆ ಬಿಡಬಹುದೇ?

ಪ್ರಶ್ನೆ: ತಂದೆಗೆ ಕಿಡ್ನಿ ಕಸಿಯಾಗಿ ಎರಡು ತಿಂಗಳಾಯಿತು. ಕಿಡ್ನಿಯ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಮಟ್ಟ ಚೆನ್ನಾಗಿದೆ. ಆದರೆ ಕಾಫಿ ಲೋಟ ಎತ್ತಿದರೆ ಕೈ ನಡುಗುತ್ತದೆ, ರಾತ್ರಿ ನಿದ್ದೆಯಿಲ್ಲ. ಟ್ಯಾಕ್ರೋಲಿಮಸ್ ಮಾತ್ರೆಯಿಂದ ಹೀಗಾಗುತ್ತದೆ ಎನ್ನುತ್ತಾರೆ. ಎರಡು ದಿನ ಬಿಟ್ಟು ನೋಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಒಂದು ಹೊತ್ತಿನ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುತ್ತಿರುವುದೇ ಈ ಮಾತ್ರೆ. ನಡುಕ ತಗ್ಗಿಸಲು ದಾರಿಗಳಿವೆ. ದೇಹ ತಿರಸ್ಕರಿಸತೊಡಗಿದ ಕಿಡ್ನಿಯನ್ನು ಉಳಿಸಿಕೊಳ್ಳುವುದು ಎಲ್ಲ ಸಲವೂ ಕೈಗೂಡುವುದಿಲ್ಲ.

ನಿಮ್ಮ ಅನುಮಾನವೇನೋ ಸರಿಯೇ ಇರಬಹುದು. ಟ್ಯಾಕ್ರೋಲಿಮಸ್ ಹುಟ್ಟಿದ್ದು ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ; ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು 1984ರಲ್ಲಿ. ಹೊಸ ಕಿಡ್ನಿಯನ್ನು ಪರಕೀಯವೆಂದು ಗುರುತಿಸಿ ಮೇಲೇರಿ ಹೋಗುವ ಟಿ ಕಣಗಳಿಗೆ (ರೋಗನಿರೋಧಕ ಬಿಳಿ ರಕ್ತಕಣಗಳಿಗೆ) ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಬೇಕು. ಈ ಔಷಧ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅದೇ ಕಿಣ್ವ ಮೆದುಳಿನ ನರಕೋಶಗಳಲ್ಲೂ ಹೇರಳವಾಗಿದೆ. ನಡುಕ, ತಲೆನೋವು, ನಿದ್ರಾಹೀನತೆ, ಕೈಕಾಲಿನ ಜೋಮು ಇವೆಲ್ಲ ಅದಕ್ಕೇ ಕಾಣಿಸಿಕೊಳ್ಳುತ್ತವೆ ಎಂಬುದು ಒಂದು ವಿವರಣೆ. ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಎಂಬ ಔಷಧ ಕೂಡ ಇದೇ ಗುಂಪಿನದು.

ತಂದೆಯವರ ಕೈಯನ್ನು ಸ್ವಲ್ಪ ಹೊತ್ತು ಗಮನಿಸಿ. ತೊಡೆಯ ಮೇಲಿಟ್ಟಾಗ ಸುಮ್ಮನಿದ್ದು, ಲೋಟ ಎತ್ತುವಾಗ, ಸಹಿ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ ಎರಡೂ ಕೈ ಸಣ್ಣಗೆ ಅದುರಿದರೆ ಅದು ಮಾತ್ರೆಯ ನಡುಕದ ಲಕ್ಷಣ. ಒಂದೇ ಕಡೆಯ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ ವಿಷಯವೇ ಬೇರೆ. ಆಗ ಒಂದು ನಿಮಿಷವನ್ನೂ ಕಳೆಯಬಾರದು.

ಮೊದಲು ಆಗಬೇಕಾದ್ದು ರಕ್ತದಲ್ಲಿನ ಔಷಧದ ಮಟ್ಟದ ಪರೀಕ್ಷೆ, ಆಸ್ಪತ್ರೆಯವರು ‘ಟ್ಯಾಕ್ರೋ ಲೆವೆಲ್’ ಎನ್ನುವುದು. ಇಲ್ಲಿ ಅನೇಕರು ಎಡವುತ್ತಾರೆ. ಬೆಳಗ್ಗೆ ಅಭ್ಯಾಸಬಲದಿಂದ ಮಾತ್ರೆ ನುಂಗಿಯೇ ಪ್ರಯೋಗಾಲಯಕ್ಕೆ ಹೋಗಿಬಿಡುತ್ತಾರೆ. ಅಂಕಿ ಮೇಲೇರಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಹಿಂದಿನ ರಾತ್ರಿಯ ಮಾತ್ರೆಯಾಗಿ ಸುಮಾರು 12 ಗಂಟೆಯ ಬಳಿಕ, ಬೆಳಗಿನದನ್ನು ತೆಗೆದುಕೊಳ್ಳುವ ಮುನ್ನ ರಕ್ತ ಕೊಡಬೇಕು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸೂಜಿ ತೆಗೆದ ಮೇಲೆ ನುಂಗಲಿ. ಜೊತೆಗೆ ಮೆಗ್ನೀಸಿಯಂ ಪರೀಕ್ಷೆಯನ್ನೂ ಕೇಳಿ. ಈ ಔಷಧ ಮೂತ್ರದಲ್ಲಿ ಅದನ್ನು ಸೋರಿಸುತ್ತದೆ. ಅದು ಕಡಿಮೆಯಾದರೆ ನರಗಳ ತೊಂದರೆ ಹೆಚ್ಚುತ್ತದೆ.

ಲೆವೆಲ್ ಏರಿದ್ದರೆ ಕಾರಣ ಹುಡುಕಬೇಕು. ಕೆಮ್ಮಿಗೆಂದು ಬೇರೆ ಕಡೆ ಬರೆಸಿಕೊಂಡ ಕ್ಲಾರಿಥ್ರೋಮೈಸಿನ್, ಬಾಯಿಹುಣ್ಣಿಗೆ ಫ್ಲುಕೊನಜೋಲ್, ರಕ್ತದೊತ್ತಡಕ್ಕೆ ಡಿಲ್ಟಿಯಜೆಮ್ ಇವು ಟ್ಯಾಕ್ರೋಲಿಮಸ್ ಕರಗಿ ಹೋಗದಂತೆ ತಡೆಯುತ್ತವೆ. ನಾಲ್ಕು ದಿನದ ಭೇದಿಯಿಂದಲೂ ಲೆವೆಲ್ ಏರುವುದುಂಟು. ಆಸ್ಪತ್ರೆಯ ಚೀಟಿಯಲ್ಲಿ ‘ಗ್ರೇಪ್‌ಫ್ರೂಟ್ ಬೇಡ’ ಎಂದಿರುತ್ತದೆ. ಅದು ದ್ರಾಕ್ಷಿಯಲ್ಲ, ನಮ್ಮ ಚಕ್ಕೋತದ ಹತ್ತಿರದ ನೆಂಟ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಿದ್ದರೂ ತಂದೆಯವರಿಗೆ ಬೇಡ.

ಪ್ರಮಾಣ ಇಳಿಸುವುದೋ, ದಿನಕ್ಕೊಮ್ಮೆಯ ಮಾತ್ರೆಗೆ ಬದಲಿಸುವುದೋ ಕಸಿ ವೈದ್ಯರ ತೀರ್ಮಾನ. ತಿಂಗಳುಗಳು ಕಳೆದಂತೆ ಸಾಮಾನ್ಯವಾಗಿ ಪ್ರಮಾಣ ಇಳಿಯುತ್ತದೆ, ನಡುಕವೂ ತಗ್ಗುತ್ತದೆ. ನಿದ್ದೆಗೆಡಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೂಡ ಕಾರಣವಿರಬಹುದು. ಅದನ್ನು ಬೆಳಗ್ಗೆ ತೆಗೆದುಕೊಳ್ಳುತ್ತಿದ್ದಾರೆಯೇ ನೋಡಿ.

ಕಾಯಬಾರದ ಸಂದರ್ಭಗಳೂ ಇವೆ. ಸಹಿಸಲಾಗದ ತಲೆನೋವು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ಗೊಂದಲದ ಮಾತು, ಫಿಟ್ಸ್: ಇವು ಮೆದುಳಿನ ಹಿಂಭಾಗ ಊದಿಕೊಳ್ಳುವ ‘ಪ್ರೆಸ್’ ಎಂಬ ಸ್ಥಿತಿಯ ಗುರುತಾಗಿರಬಹುದು. ದೃಷ್ಟಿಯ ಕೇಂದ್ರ ಅಲ್ಲೇ ಇರುವುದರಿಂದ ಕಣ್ಣು ಮಂಜಾಗುತ್ತದೆ. ಹಲವರಲ್ಲಿ ಆಗ ರಕ್ತದೊತ್ತಡವೂ ಏರಿರುತ್ತದೆ. ಬೇಗ ಎಂಆರ್‌ಐ ಮಾಡಿಸಿ ಔಷಧ ಸರಿಹೊಂದಿಸಿದರೆ ಬಹುತೇಕ ಮಂದಿ ಚೇತರಿಸಿಕೊಳ್ಳುತ್ತಾರೆ. ಫಿಟ್ಸ್‌ಗೆ ಚಿಕಿತ್ಸೆ ಕೊಡುವವರಿಗೆ ಕಸಿಯಾಗಿರುವುದನ್ನು ಹೇಳಲೇಬೇಕು; ಫೆನಿಟಾಯಿನ್ ಎಂಬ ಫಿಟ್ಸ್ ಔಷಧ ಟ್ಯಾಕ್ರೋಲಿಮಸ್ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ತಲೆನೋವಿನ ಜೊತೆ ಜ್ವರವಿದ್ದರೆ ಮಾತ್ರೆಯನ್ನು ದೂರುತ್ತಾ ಕೂರಬೇಡಿ. ನಿರೋಧಕ ಶಕ್ತಿ ತಗ್ಗಿರುವವರಲ್ಲಿ ಕ್ಷಯ, ಶಿಲೀಂಧ್ರ ಮುಂತಾದ ಸೋಂಕು ಮೆದುಳಿನ ಪೊರೆಗೆ ತಗಲುವ ಅಪಾಯವಿದೆ.

ನಾಳೆಯೇ ಕಸಿ ಘಟಕಕ್ಕೆ ಫೋನ್ ಮಾಡಿ. ತಂದೆಯವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ, ಕಷಾಯದ ಪುಡಿಯಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಯವರೆಗೆ ಕಾಫಿಯನ್ನು ಅರ್ಧ ಲೋಟ ಕೊಡಿ, ಹಿಡಿಯಿರುವ ಕಪ್ಪಾದರೆ ಇನ್ನೂ ಒಳ್ಳೆಯದು.