ಉಪ್ಪುಗಾಳಿಗೆ ಜಗ್ಗದ ಕರಿ ಚುಕ್ಕೆ

ಕಾರವಾರದಲ್ಲೋ ಅಂಕೋಲಾದಲ್ಲೋ ಹಳೇ ಟಿವಿ ರಿಮೋಟ್ ಒಂದನ್ನು ಬಿಚ್ಚಿ ನೋಡಿ. ಸೆಲ್ ಕೂರುವ ಸ್ಪ್ರಿಂಗಿಗೆ ತುಕ್ಕು. ಬೋರ್ಡಿನ ತಾಮ್ರ ಎಲ್ಲಾದರೂ ಬಯಲಾಗಿದ್ದರೆ ಅಲ್ಲಿ ಹಸಿರು ಪುಡಿ. ಕಡಲ ಗಾಳಿಯ ಉಪ್ಪು, ಮಳೆಗಾಲದ ಥಂಡಿ ಸೇರಿ ಮಾಡಿದ ಕೆಲಸ ಇದು. ಆದರೆ ಬಟನ್ನಿನ ಅಡಿಯಲ್ಲಿರುವ ಕರಿ ಚುಕ್ಕೆಗೆ ತುಕ್ಕಿನ ಹಂಗಿಲ್ಲ. ಅದು ಇಂಗಾಲದ ಪುಡಿ ಬೆರೆಸಿದ ರಬ್ಬರ್. ಎಷ್ಟೋ ರಿಮೋಟುಗಳಲ್ಲಿ ಅದು ಮುಟ್ಟುವ ಗೆರೆಗಳಿಗೂ ಇಂಗಾಲದ ಶಾಯಿ ಬಳಿದಿರುತ್ತಾರೆ, ತಾಮ್ರ ಕೆಡದಿರಲಿ ಅಂತ.

ಇಲ್ಲಿ ಕರೆಂಟ್ ಸಾಗಿಸುವುದು ಇಂಗಾಲ. ರಬ್ಬರ್ ಸುಮ್ನೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಪ್ಲಾಸ್ಟಿಕ್ಕೇ ಕರೆಂಟ್ ಸಾಗಿಸಿದರೆ?

ಅದೂ ಆಗಿದೆ. ಜಪಾನಿನ ಹಿದೆಕಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಒಮ್ಮೆ ವೇಗವರ್ಧಕವನ್ನು ಸಾವಿರ ಪಟ್ಟು ಜಾಸ್ತಿ ಹಾಕಿಬಿಟ್ಟರು. ಬೆಳ್ಳಿಯಂತೆ ಹೊಳೆಯುವ ಪದರ ಬಂತು. ಅದೇ ಪಾಲಿಅಸಿಟಿಲೀನ್ ಅನ್ನುವ ಪ್ಲಾಸ್ಟಿಕ್. ಮುಂದೆ ಅಮೆರಿಕದಲ್ಲಿ ಅಲನ್ ಮೆಕ್‌ಡಯರ್ಮಿಡ್, ಅಲನ್ ಹೀಗರ್ ಜೊತೆ ಸೇರಿ ಅದಕ್ಕೆ ಅಯೋಡಿನ್ ಆವಿ ತಾಗಿಸಿದರು. ಕರೆಂಟ್ ಹರಿಸುವ ಶಕ್ತಿ ಒಂದು ಕೋಟಿ ಪಟ್ಟು ಏರಿತು! 1977ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2000ದಲ್ಲಿ ಮೂವರಿಗೂ ನೊಬೆಲ್ ಬಂತು.

ಅಯೋಡಿನ್ ಮಾಡಿದ್ದೇನು? ಶಿರಸಿ ಮಾರಿಜಾತ್ರೆಗೆ ಹೊರಟ ಕುಮಟಾ ಬಸ್ಸು ನೆನಪಿಸಿಕೊಳ್ಳಿ. ತುಂಬಿ ತುಳುಕುವಾಗ ಯಾರೂ ಕದಲಲಾರರು. ನಾಲ್ಕು ಜನ ಇಳಿದರೆ ಸಾಕು, ಉಳಿದವರು ಸರಿಯತೊಡಗುತ್ತಾರೆ. ಪ್ಲಾಸ್ಟಿಕ್ ಅಂದರೆ ಪಾಲಿಮರ್, ಸಣ್ಣ ಅಣುಗಳು ಕೊಂಡಿಯಂತೆ ಸೇರಿದ ಉದ್ದ ಸರಪಳಿ. ಆ ಸರಪಳಿಯಿಂದ ಅಯೋಡಿನ್ ಕೆಲವು ಎಲೆಕ್ಟ್ರಾನ್‌ಗಳನ್ನು ಇಳಿಸಿಕೊಳ್ಳುತ್ತದೆ. ಆ ಖಾಲಿ ಜಾಗಕ್ಕೆ ಪಕ್ಕದವು ಸರಿಯುತ್ತವೆ. ಕರೆಂಟ್ ಅಂದರೆ ಅದೇ ಅಲ್ವಾ?

ತಮಾಷೆ ಅಂದರೆ, ಪಾಲಿಅಸಿಟಿಲೀನ್ ಗಾಳಿ ತಾಗಿದರೇ ಕೆಡುತ್ತದೆ. ಬಳಕೆಗೆ ಬಂದದ್ದು ಪೆಡಾಟ್‌ನಂಥ ಬೇರೆ ಪಾಲಿಮರ್‌ಗಳು. ಕಂಪ್ಯೂಟರ್ ಮದರ್‌ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಅಂಥವು ಇವೆ. ಪೆಡಾಟನ್ನು ಶಾಯಿಯ ಹಾಗೆ ಅಚ್ಚೂ ಹಾಕಬಹುದು. ಆದರೆ ನೀರಿನಲ್ಲಿ ಬೆರೆಯಲಿ ಅಂತ ಅದಕ್ಕೆ ಸೇರಿಸುವ ಇನ್ನೊಂದು ಪಾಲಿಮರ್ ಆಮ್ಲ ಗುಣದ್ದು. ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಜುಲೈ ತಿಂಗಳಿಗೆ ಇದು ಹೇಳಿ ಮಾಡಿಸಿದ್ದಲ್ಲ. ಕರಾವಳಿಯವನಾಗಿ ನನ್ನ ವೋಟು ಇಂಗಾಲಕ್ಕೇ.

2004ರಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲಕ್ಕೆ, ಅಂದರೆ ಗ್ರಾಫೈಟಿಗೆ, ಅಂಟುಟೇಪ್ ಹಚ್ಚಿ ಕಿತ್ತು, ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆ ತೆಗೆದರು. ಅಂಥ ಹಾಳೆ ಸುರುಳಿಯಾದರೆ ನ್ಯಾನೊಕೊಳವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲೇ ಅದರತ್ತ ಜಗತ್ತಿನ ಗಮನ ಸೆಳೆದಿದ್ದರು. ಇದರ ತರಲೆ ಬೇರೆ. ಸುರುಳಿ ಯಾವ ಓರೆಯಲ್ಲಿ ಸುತ್ತಿದೆ ಅನ್ನುವುದರ ಮೇಲೆ ಕೊಳವೆ ಲೋಹದಂತೆಯೋ ಕರೆಂಟನ್ನು ಬೇಕಾದಾಗ ಹರಿಸಿ ಬೇಡವಾದಾಗ ತಡೆಯಬಲ್ಲ ಅರೆವಾಹಕದಂತೆಯೋ ವರ್ತಿಸುತ್ತದೆ. ತಯಾರಿಸುವಾಗ ಎರಡೂ ಕಲಸಿಕೊಂಡೇ ಬರುತ್ತವೆ. ಸುಮಾರು ಮೂರರಲ್ಲಿ ಒಂದು ಲೋಹದ ಜಾತಿ. ಟ್ರಾನ್ಸಿಸ್ಟರ್ ಅಂದರೆ ಕರೆಂಟಿನ ಪುಟ್ಟ ಸ್ವಿಚ್. ಅದರೊಳಗೆ ಅಂಥದ್ದು ಒಂದು ಸೇರಿದರೂ ಕಷ್ಟ, ಕರೆಂಟನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಕೊಳವೆಗಳನ್ನು ಬೇರ್ಪಡಿಸುವುದೇ ಒಂದು ದೊಡ್ಡ ಸಂಶೋಧನೆ.

ಇಂಗಾಲವೂ ಪೂರಾ ಸಾಧುವಲ್ಲ. ತನಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣವನ್ನೋ ತಾಮ್ರವನ್ನೋ ಮುಟ್ಟಿಕೊಂಡಿದ್ದರೆ ಅವೆರಡೂ ಸೇರಿ ಪುಟ್ಟ ಬ್ಯಾಟರಿಯಾಗುತ್ತವೆ, ಲೋಹ ಇನ್ನೂ ಬೇಗ ಸವೆಯುತ್ತದೆ. ಇಂಗಾಲದ ಗೆರೆ ಲೋಹಕ್ಕೆ ಸೇರುವ ಜಾಗವನ್ನು ನೀರು ಇಳಿಯದಂತೆ ಮುಚ್ಚಲೇಬೇಕು.