ಎಂಟು ವರ್ಷ ಮುಂಚೆ ಬಂದ ಭೂಕಂಪ

2017ರ ಜೂನ್ 21ರಂದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ 6.8 ತೀವ್ರತೆಯ ಭೂಕಂಪವಾಗಿದೆ ಎಂದು ಲಾಸ್ ಏಂಜಲೀಸ್ ಟೈಮ್ಸ್ ಟ್ವೀಟ್ ಮಾಡಿತು. ಆದರೆ ಅಲ್ಲಿ ನೆಲ ಅಲುಗಾಡಿಯೇ ಇರಲಿಲ್ಲ.

ಸುದ್ದಿ ಬರೆದದ್ದು ಕ್ವೇಕ್‌ಬಾಟ್ ಎಂಬ ಪ್ರೋಗ್ರಾಂ. ಅದರ ಕೆಲಸ ನಮ್ಮ ಶಾಲೆಯ 'ಬಿಟ್ಟ ಸ್ಥಳ ತುಂಬಿರಿ' ಇದ್ದಂತೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯಿಂದ ಸೂಚನೆ ಬಂದೊಡನೆ ತೀವ್ರತೆ, ಸ್ಥಳ, ಸಮಯಗಳನ್ನು ಎತ್ತಿಕೊಂಡು, ಮೊದಲೇ ಬರೆದಿಟ್ಟ ವಾಕ್ಯಗಳಲ್ಲಿ ಕೂರಿಸುತ್ತದೆ. 2014ರ ಮಾರ್ಚ್ 17ರ ಬೆಳಗಿನ ಜಾವ ಲಾಸ್ ಏಂಜಲೀಸ್ ನಿಜವಾಗಿಯೇ ನಡುಗಿದಾಗ, ಇದನ್ನು ರೂಪಿಸಿದ ಪತ್ರಕರ್ತ ಕೆನ್ ಶ್ವೆಂಕೆ ಎದ್ದು ಕಂಪ್ಯೂಟರ್ ನೋಡುವಷ್ಟರಲ್ಲಿ ವರದಿ ಸಿದ್ಧವಾಗಿತ್ತು. ಒಮ್ಮೆ ಕಣ್ಣಾಡಿಸಿ ಗುಂಡಿ ಒತ್ತಿದರು, ಮೂರೇ ನಿಮಿಷದಲ್ಲಿ ಸುದ್ದಿ ಹೊರಗೆ!

2017ರಲ್ಲೂ ವಾಕ್ಯದಲ್ಲಿ ತಪ್ಪಿರಲಿಲ್ಲ. 1925ರ ಜೂನ್ 29ರಂದು ಸಾಂತಾ ಬಾರ್ಬರಾವನ್ನು ಕೆಡವಿದ ಹಳೆಯ ಭೂಕಂಪದ ಕೇಂದ್ರ ಎಲ್ಲಿತ್ತೆಂಬ ದಾಖಲೆಯನ್ನು ವಿಜ್ಞಾನಿಗಳು ಆಗ ತಿದ್ದುತ್ತಿದ್ದರು. ಆ ತಿದ್ದುಪಡಿ ಹೊಸ ಭೂಕಂಪದ ಸೂಚನೆಯಾಗಿ ಹೊರಬಿತ್ತು. ಅದರಲ್ಲಿ ಇಸವಿ 2025 ಎಂದಿತ್ತು. ಇನ್ನೂ ಎಂಟು ವರ್ಷ ಬಿಟ್ಟು ಬರಬೇಕಾದ ದಿನ! ಮನುಷ್ಯ ಓದಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಪ್ರೋಗ್ರಾಂಗೆ ಹಾಗೆ ನಗು ಬರಬೇಕಾದರೆ 'ಸಮಯ ಈಗಿನದಕ್ಕಿಂತ ಮುಂದಿದ್ದರೆ ತಡೆ' ಎಂದು ಒಂದು ಸಾಲನ್ನು ಯಾರೋ ಬರೆದಿಡಬೇಕು.

ಇಂಥ ಸಾಲುಗಳನ್ನು ಬರೆಯುವುದೇ ಯಂತ್ರಬರಹದ ಗುಣಮಟ್ಟ ಕಾಯುವ ಕೆಲಸದ ಬಹುಪಾಲು. ಬೇಸರದ ಕೆಲಸ, ಆದರೆ ತಲೆ ಓಡಿಸಬೇಕು. ಮಳೆಯ ವರದಿಯನ್ನೇ ನೋಡಿ. ಮಳೆಮಾಪಕ ಕೆಟ್ಟು ಲೆಕ್ಕವೇ ಬಾರದಿದ್ದಾಗ ಖಾಲಿ ಕೋಷ್ಟಕವನ್ನು 0 ಎಂದು ಓದಿಕೊಂಡ ಪ್ರೋಗ್ರಾಂ, ಹಳ್ಳ ತುಂಬಿ ಹರಿಯುತ್ತಿರುವ ಊರಲ್ಲಿ 'ಮಳೆಯಾಗಿಲ್ಲ' ಎಂದು ಸಲೀಸಾಗಿ ಬರೆದುಬಿಡುತ್ತದೆ. ಹಾಗಾಗಿ 'ಇಲ್ಲ' ಮತ್ತು 'ಗೊತ್ತಿಲ್ಲ' ಎರಡನ್ನೂ ಬೇರೆಬೇರೆಯಾಗಿ ಗುರುತು ಹಾಕಬೇಕು. ಅಕ್ಕಪಕ್ಕದ ನಾಲ್ಕು ಮಾಪಕಗಳು 60 ಮಿಲಿಮೀಟರ್ ತೋರಿಸುವಾಗ ನಡುವಿನದು 0 ಎಂದರೆ, ವರದಿಯನ್ನು ತಡೆದು ಒಬ್ಬರ ಮೇಜಿಗೆ ಕಳಿಸಬೇಕು.

ಕನ್ನಡದಲ್ಲಿ ವಾಕ್ಯವೂ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಯಾವ ಊರನ್ನು ತಂದು ಹಾಕಿದರೂ ನಡೆಯುತ್ತದೆ. ನಮ್ಮಲ್ಲಿ ಮಂಡ್ಯದಲ್ಲಿ, ಉಡುಪಿಯಲ್ಲಿ, ಮೈಸೂರಿನಲ್ಲಿ ಎಂದು ಊರಿಗೆ ತಕ್ಕಂತೆ ಪ್ರತ್ಯಯದ ರೂಪ ಬದಲಾಗಬೇಕು. ಎಲ್ಲಕ್ಕೂ ಒಂದೇ 'ನಲ್ಲಿ' ಅಂಟಿಸಿದರೆ 'ಉಡುಪಿನಲ್ಲಿ ಭಾರಿ ಮಳೆ' ಆಗುತ್ತದೆ. ಯಾರ ಉಡುಪಿನಲ್ಲೋ!

ಚಾಟ್‌ಜಿಪಿಟಿಯಂಥ ಈಗಿನ ಭಾಷಾ ಮಾದರಿಗಳು ಇಂಥ ಎಡವಟ್ಟನ್ನು ಬಹುಮಟ್ಟಿಗೆ ದಾಟಿವೆ. ಒಂದು ಪದ ಆದಮೇಲೆ ಮುಂದಿನ ಪದ ಯಾವುದು ಬರಬಹುದೆಂಬ ಸಂಭವವನ್ನು ಲೆಕ್ಕಹಾಕಿ ಬರೆಯುವುದರಿಂದ ಅವುಗಳ ವಾಕ್ಯ ಹದವಾಗಿರುತ್ತದೆ. ತೊಂದರೆಯೂ ಅಲ್ಲೇ ಇದೆ. ಕ್ವೇಕ್‌ಬಾಟ್‌ಗೆ ತನ್ನದೇ ಆದ ಅಂಕಿ ಹುಟ್ಟಿಸಲು ಬರುತ್ತಿರಲಿಲ್ಲ, ಇವಕ್ಕೆ ಬರುತ್ತದೆ. ಆದ್ದರಿಂದ ತಪಾಸಣೆಯನ್ನು ವಾಕ್ಯದಿಂದ ಹಿಂದಕ್ಕೆ ನಡೆಸಬೇಕು: ಬರಹದಲ್ಲಿರುವ ಪ್ರತಿ ಅಂಕಿ, ಊರು, ತಾರೀಖನ್ನು ಹೆಕ್ಕಿ ತೆಗೆದು, ಮೂಲ ಕೋಷ್ಟಕದಲ್ಲಿ ಅದಕ್ಕೆ ಜೋಡಿ ಇದೆಯೇ ಎಂದು ನೋಡುವುದು. ಜೋಡಿ ಸಿಗದಿದ್ದರೆ ಆ ವಾಕ್ಯ ಹೋಗಲಿ. 'ಉಡುಪಿನಲ್ಲಿ' ಎಂದು ಕಂಡಾಗಲಾದರೂ ಓದುಗರು ಎಚ್ಚರಗೊಳ್ಳುತ್ತಿದ್ದರು. 'ಉಡುಪಿಯಲ್ಲಿ 112 ಮಿಲಿಮೀಟರ್' ಎಂದು ಸರಿಯಾದ ಕನ್ನಡದಲ್ಲಿ ಬರೆದಿದ್ದರೆ, ಆ 112 ಯಾವ ಮಾಪಕದ್ದು ಎಂದು ಯಾರೂ ಕೇಳುವುದಿಲ್ಲ.