ಲಿಫ್ಟ್ ಸ್ಪ್ರಿಂಗ್ ಎಂದರೇನು? ಹಳೆಯ ಜಿಪ್ಸಿಯನ್ನು ಎತ್ತರಿಸುವ ಮುನ್ನ

ಹಳೆಯ ಜಿಪ್ಸಿ ಅಥವಾ ಜೀಪ್ ಇಟ್ಟುಕೊಂಡವರ ಮಾತಿನಲ್ಲಿ ‘ಎರಡು ಇಂಚು ಲಿಫ್ಟ್’, ‘ಮೂರು ಇಂಚು ಲಿಫ್ಟ್’ ಅನ್ನುವುದು ಆಗಾಗ ಬರುತ್ತದೆ. ಗಾಡಿಯನ್ನು ಹೀಗೆ ಎತ್ತರಿಸಲು ಹಲವು ದಾರಿಗಳಿವೆ. ಅವುಗಳಲ್ಲಿ ಒಂದು ಲಿಫ್ಟ್ ಸ್ಪ್ರಿಂಗ್. ಕಂಪನಿಯಿಂದ ಬಂದ ಪ್ಲೇಟ್ ಕಟ್ಟನ್ನು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗನ್ನು ಬಿಚ್ಚಿ, ಅದೇ ಜಾಗಕ್ಕೆ ಕೂರುವ, ಆದರೆ ಜಾಸ್ತಿ ಬಾಗಿರುವ ಇನ್ನೊಂದು ಕಟ್ಟನ್ನು ಹಾಕುತ್ತಾರೆ. ಆಗ ಚಾಸಿ (ಗಾಡಿಯ ಅಡಿಯ ಚೌಕಟ್ಟು), ಬಾಡಿ, ಎಂಜಿನ್ ಎಲ್ಲವೂ ಮೇಲೇಳುತ್ತವೆ. ಎಡ ಬಲ ಚಕ್ರಗಳನ್ನು ಸೇರಿಸುವ ಆಕ್ಸಲ್ ಮಾತ್ರ ಇದ್ದ ಎತ್ತರದಲ್ಲೇ ಉಳಿಯುತ್ತದೆ. ಲಿಫ್ಟ್‌ನ ಲಾಭ, ತೊಂದರೆ ಎರಡೂ ಹುಟ್ಟುವುದು ಇಲ್ಲಿಂದಲೇ.

ನಮ್ಮಲ್ಲಿ ಇದನ್ನು ನೋಡಲು ಮಾರುತಿ ಜಿಪ್ಸಿಗಿಂತ ಒಳ್ಳೆಯ ಗಾಡಿ ಇಲ್ಲ. 1985ರಲ್ಲಿ 970 ಸಿಸಿ ಎಂಜಿನ್ ಜೊತೆ ಬಂತು. 1996ರಲ್ಲಿ 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್ ಆಯಿತು. ಕೆಳಗಿನ ಕಟ್ಟು ಮಾತ್ರ ಹಾಗೇ ಉಳಿಯಿತು: ಏಣಿಯಂಥ ಲ್ಯಾಡರ್ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. ಇದೇ ಕುಟುಂಬದ ಗಾಡಿಗೆ ಜಪಾನಿನಲ್ಲಿ ಜಿಮ್ನಿ, ಆಸ್ಟ್ರೇಲಿಯಾದಲ್ಲಿ ಸಿಯೆರಾ, ಅಮೆರಿಕದಲ್ಲಿ ಸಮುರಾಯ್ ಎಂದು ಹೆಸರು. ಜಿಮ್ನಿ 90ರ ದಶಕದಲ್ಲೇ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್‌ಗೆ ಹೋಯಿತು. ನಮ್ಮ ಜಿಪ್ಸಿ ಕೊನೆಯವರೆಗೂ ಪ್ಲೇಟ್ ಬಿಡಲಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಜಿಪ್ಸಿಗಳಿವೆ.

ಮೊದಲು ಪ್ಲೇಟ್ ಕಟ್ಟು ಏನು ಮಾಡುತ್ತದೆ ನೋಡೋಣ. ಎಲ್ಲಕ್ಕಿಂತ ಉದ್ದದ್ದು ಮೇನ್ ಪ್ಲೇಟ್. ಅದರ ಎರಡೂ ತುದಿಯನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಕಣ್ಣಿನೊಳಗೆ ರಬ್ಬರ್ ಬುಷ್. ಒಂದು ಕಣ್ಣು ನೇರವಾಗಿ ಚಾಸಿಗೆ ಸೇರುತ್ತದೆ. ಇನ್ನೊಂದು ಶ್ಯಾಕಲ್ ಎಂಬ ಕೊಂಡಿಯ ಮೂಲಕ ಸೇರುತ್ತದೆ. ಶ್ಯಾಕಲ್ ಯಾಕೆ ಬೇಕು? ಭಾರ ಬಿದ್ದಾಗ ಬಾಗಿದ ಪ್ಲೇಟ್ ಚಪ್ಪಟೆಯಾಗುತ್ತದೆ, ಅಂದರೆ ಕಣ್ಣಿಂದ ಕಣ್ಣಿಗೆ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದು ತೂಗಾಡುವ ಶ್ಯಾಕಲ್. ನಡುವೆ ಎಲ್ಲ ಪ್ಲೇಟ್‌ಗಳನ್ನು ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್‌ನ ಕೂರುಪಟ್ಟಿಯ ತೂತಿನಲ್ಲಿ ಕೂತು, ಆಕ್ಸಲ್ ಎಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ಬಿಗಿಯಾಗಿ ಕಟ್ಟುವ ಕೆಲಸ ಯು ಬೋಲ್ಟ್‌ಗಳದ್ದು.

ಇಲ್ಲೊಂದು ವಿಷಯ ಅನೇಕರಿಗೆ ತಪ್ಪಿಹೋಗುತ್ತದೆ. ಕಾಯಿಲ್ ಸ್ಪ್ರಿಂಗ್ ಭಾರ ಮಾತ್ರ ಹೊರುತ್ತದೆ, ಆಕ್ಸಲ್ ಹಿಡಿದಿಡಲು ಬೇರೆ ರಾಡ್‌ಗಳಿರುತ್ತವೆ. ಲೀಫ್ ಸ್ಪ್ರಿಂಗ್‌ಗೆ ಎರಡೂ ಕೆಲಸ. ಭಾರವನ್ನೂ ಹೊರಬೇಕು, ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ತಿರುಚಿಕೊಳ್ಳದಂತೆ ಹಿಡಿಯಲೂ ಬೇಕು. ಹಾಗಾಗಿ ಪ್ಲೇಟ್ ಬದಲಾಯಿಸಿದರೆ ಎತ್ತರದ ಜೊತೆ ಆಕ್ಸಲ್ ನಿಲ್ಲುವ ಕೋನವೂ ಬದಲಾಗುವ ಸಾಧ್ಯತೆ ಇದೆ.

ಈಗ ಮುಖ್ಯ ಪ್ರಶ್ನೆ. ಲಿಫ್ಟ್ ಮಾಡಿಸಿದರೆ ನೆಲದಿಂದ ಅಂತರ ಹೆಚ್ಚುತ್ತದೆ, ಅಲ್ವಾ? ಚಾಸಿ, ಬಂಪರ್, ಸೈಲೆನ್ಸರ್‌ಗೆ ಹೆಚ್ಚುತ್ತದೆ. ಡಿಫರೆನ್ಷಿಯಲ್‌ಗೆ ಇಲ್ಲ. ಅದು ಎಂಜಿನ್ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಉಬ್ಬು, ಆಕ್ಸಲ್‌ನ ಭಾಗ. ಆಕ್ಸಲ್ ಎತ್ತರ ನಿಂತಿರುವುದು ಟೈರಿನ ಮೇಲೆ. ಟ್ರ್ಯಾಕ್ಟರ್ ಓಡಾಡಿದ ತೋಟದ ದಾರಿಯನ್ನು ಮಳೆಗಾಲದಲ್ಲಿ ನೋಡಿ. ಚಕ್ರದ ಜಾಡು ಎರಡೂ ಕಡೆ ಆಳಕ್ಕೆ ಹೋಗಿ ನಡುವೆ ಮಣ್ಣಿನ ದಿಬ್ಬ ಉಳಿದಿರುತ್ತದೆ. ಆ ದಿಬ್ಬಕ್ಕೆ ಡಿಫರೆನ್ಷಿಯಲ್ ಕೂತು ಗಾಡಿ ಸಿಕ್ಕಿಬಿದ್ದರೆ, ಮೂರು ಇಂಚು ಲಿಫ್ಟ್ ಇದ್ದರೂ ಪ್ರಯೋಜನವಿಲ್ಲ.

ಹಾಗಾದರೆ ಲಿಫ್ಟ್ ಸುಮ್ನೆ ಶೋಕಿಯಾ? ಪೂರ್ತಿ ಅಲ್ಲ. ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟ ಟೈರ್ 205/70 ಆರ್15. ಎತ್ತರ ಸುಮಾರು 668 ಮಿ.ಮೀ. 235/75 ಆರ್15 ಹಾಕಿದರೆ ಸುಮಾರು 733 ಮಿ.ಮೀ. ಎರಡರ ವ್ಯತ್ಯಾಸದ ಅರ್ಧ, ಅಂದರೆ ಸುಮಾರು 33 ಮಿ.ಮೀ., ಡಿಫರೆನ್ಷಿಯಲ್ ಮೇಲೇಳುತ್ತದೆ. ಇದು ನಿಜವಾದ ಲಾಭ. ಆದರೆ ಅಷ್ಟು ದೊಡ್ಡ ಟೈರ್ ಹಾಕಿ ಸ್ಟೇರಿಂಗ್ ತಿರುಗಿಸಿದರೆ, ಇಲ್ಲವೇ ಒಂದು ಚಕ್ರ ಗುಂಡಿ ದಾಟಿ ಮೇಲೆದ್ದರೆ, ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಆ ಜಾಗ ಮಾಡಿಕೊಡುವುದು ಲಿಫ್ಟ್ ಸ್ಪ್ರಿಂಗ್. ನನ್ನ ಪ್ರಕಾರ ಲೆಕ್ಕ ಹಾಕಬೇಕಾದ್ದು ಈ ಕ್ರಮದಲ್ಲೇ: ಮೊದಲು ಟೈರ್ ಯಾವುದು ಬೇಕು ನೋಡಿ, ಅದಕ್ಕೆ ಎಷ್ಟು ಬೇಕೋ ಅಷ್ಟೇ ಎತ್ತರಿಸಿ. ಹೆಚ್ಚಿನ ಜಿಪ್ಸಿಗಳಿಗೆ ಎರಡು ಇಂಚು ಸಾಕು. ಟೈರ್ ದೊಡ್ಡದಾದಷ್ಟೂ ಎಂಜಿನ್‌ಗೆ, ಬ್ರೇಕ್‌ಗೆ ಕೆಲಸ ಜಾಸ್ತಿ ಅನ್ನುವುದೂ ನೆನಪಿರಲಿ.

ಎತ್ತರ ಪಡೆಯುವ ಅಗ್ಗದ ದಾರಿ ಎಂದರೆ ಇದ್ದ ಕಟ್ಟಿಗೆ ಇನ್ನೊಂದು ಪ್ಲೇಟ್ ಸೇರಿಸುವುದು. ಗಾಡಿ ಎದ್ದು ನಿಲ್ಲುತ್ತದೆ, ಆದರೆ ಸ್ಪ್ರಿಂಗ್ ಗಡುಸಾಗಿದ್ದರಿಂದ. ದಪ್ಪ ಪ್ಲೇಟ್ ಹಾಕಿದರೆ ಇನ್ನೂ ಕಷ್ಟ. ಪ್ಲೇಟಿನ ಗಡಸು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಪ್ಲೇಟ್ ಬದಲು 7 ಮಿ.ಮೀ. ಹಾಕಿದರೆ ಆ ಪ್ಲೇಟ್ ಸುಮಾರು ಶೇ. 59ರಷ್ಟು ಹೆಚ್ಚು ಗಡುಸು. ಒಂದು ಟನ್ ಆಸುಪಾಸಿನ, ಹಿಂದೆ ಖಾಲಿ ಇರುವ ಗಾಡಿಗೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ತೊಲೆ. ಕಲ್ಲು ಹತ್ತುವಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗಿ ಎರಡೂ ನೆಲ ಕಚ್ಚಬೇಕು. ಗಡುಸು ಸ್ಪ್ರಿಂಗ್ ಇದ್ದರೆ ಒಂದು ಗಾಳಿಯಲ್ಲಿ ತಿರುಗುತ್ತದೆ. ಒಳ್ಳೆಯ ಲಿಫ್ಟ್ ಸ್ಪ್ರಿಂಗ್‌ನಲ್ಲಿ ಪ್ಲೇಟ್‌ಗಳು ತೆಳು, ಸಂಖ್ಯೆ ಜಾಸ್ತಿ, ಎತ್ತರ ಬರುವುದು ಬಾಗಿನಿಂದ. ಕೆಲವದರಲ್ಲಿ ಎರಡನೇ ಪ್ಲೇಟ್ ಕೂಡ ಮೇನ್ ಪ್ಲೇಟಿನ ಕಣ್ಣನ್ನು ಅರ್ಧ ಸುತ್ತಿಕೊಂಡಿರುತ್ತದೆ. ಮೇನ್ ಪ್ಲೇಟ್ ತುಂಡಾದರೂ ಆಕ್ಸಲ್ ಕೈಬಿಟ್ಟು ಹೋಗುವುದಿಲ್ಲ. ಕೊಳ್ಳುವಾಗ ಇದನ್ನು ಕೇಳಿ ನೋಡುವುದು ಒಳ್ಳೆಯದು.

ಇನ್ನೊಂದು ದಾರಿ ಉದ್ದ ಶ್ಯಾಕಲ್. ಇದನ್ನು ನಾನು ಒಪ್ಪುವುದಿಲ್ಲ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ಗೆ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗ್‌ನ ಮುಂತುದಿ ಕೆಳಗೆ ಹೋಗಿ ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ಆಗ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಎಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವ ಅಕ್ಷ ಹಿಂದಕ್ಕೆ ಒರಗಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವಂತೆ. ಅದು ಇರುವುದರಿಂದಲೇ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರವಾಗುತ್ತದೆ. ಕಡಿಮೆಯಾದರೆ ಹೈವೇಯಲ್ಲಿ ಗಾಡಿ ಆಚೀಚೆ ಅಲೆಯುತ್ತದೆ, ಗಳಿಗೆಗೊಮ್ಮೆ ತಿದ್ದುತ್ತಲೇ ಇರಬೇಕು. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಶಿಮ್ ಎಂಬ ಓರೆಯಾದ ಉಕ್ಕಿನ ತುಂಡು ಇಟ್ಟು ಈ ಕೋನವನ್ನು ಸರಿ ಮಾಡುತ್ತಾರೆ.

ಆಕ್ಸಲ್ ಕೆಳಗಿರುವ ಕಟ್ಟನ್ನು ಮೇಲಕ್ಕೆ ತಂದು ಕೂರಿಸುವ ‘ಸ್ಪ್ರಿಂಗ್ ಓವರ್’ ಎಂಬ ಪದ್ಧತಿಯೂ ಇದೆ. ಒಮ್ಮೆಗೇ ಐದು ಇಂಚಿನ ಆಸುಪಾಸು ಏರುತ್ತದೆ. ವೆಲ್ಡಿಂಗ್, ಸ್ಟೇರಿಂಗ್ ಬದಲಾವಣೆ ಎಲ್ಲ ಬೇಕು. ಅದೇ ಒಂದು ಬೇರೆ ಕಥೆ.

ಚಾಸಿ ಮತ್ತು ಆಕ್ಸಲ್ ದೂರವಾದಾಗ ಎರಡರ ನಡುವೆ ಇರುವ ಎಲ್ಲದಕ್ಕೂ ಎಳೆತ ಬೀಳುತ್ತದೆ. ಎಂಜಿನ್ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಇಳಿಜಾರು ಹೆಚ್ಚುತ್ತದೆ. ಅದರ ಎರಡು ತುದಿಯ ಕೀಲುಗಳಾದ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸ್‌ಗಳ ಕೋನ ಒಂದೇ ಇದ್ದರೆ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಇಲ್ಲದಿದ್ದರೆ ವೇಗದಲ್ಲಿ ನಡುಕ. ಶಾಫ್ಟ್‌ನ ಜಾರುವ ಭಾಗವೂ ಹೊರಗೆ ಬಂದಿರುತ್ತದೆ, ಒಳಗೆ ಎಷ್ಟು ಹಿಡಿತ ಉಳಿದಿದೆ ನೋಡಬೇಕು. ಹಳೆಯ ಶಾಕ್ ಅಬ್ಸಾರ್ಬರ್ ಗಿಡ್ಡವಾಗುತ್ತದೆ. ಉದ್ದದ್ದು ಹಾಕದಿದ್ದರೆ ಚಕ್ರ ಇಳಿಯುವುದು ಅಲ್ಲಿಗೇ ನಿಂತು, ಶಾಕ್ ಕಿತ್ತು ಬರುತ್ತದೆ. ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ರಾಡ್ ಓರೆಯಾಗಿ, ನೇರ ಹೋಗುವಾಗಲೂ ಸ್ಟೇರಿಂಗ್ ಚಕ್ರ ವಾರೆ ನಿಲ್ಲುತ್ತದೆ. ಇದನ್ನು ತಿದ್ದಬಹುದು. ತಿದ್ದಲಾಗದ್ದು ಬ್ರೇಕ್ ಹೋಸ್ (ಚಕ್ರದ ಬ್ರೇಕ್‌ಗೆ ಎಣ್ಣೆ ಒಯ್ಯುವ ರಬ್ಬರ್ ಪೈಪ್) ಹರಿದರೆ. ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಪೂರ್ತಿ ನೇತಾಡುವಾಗ ಹೋಸ್ ಬಿಗಿಯಾಗಿ ನಿಂತಿದೆಯಾ ನೋಡಿ. ಬಿಗಿಯಾಗಿದ್ದರೆ ಉದ್ದ ಹೋಸ್ ಹಾಕುವ ತನಕ ಗಾಡಿ ತೆಗೆಯಬೇಡಿ.

ಎತ್ತರ ಏರಿದಂತೆ ಗಾಡಿಯ ಭಾರದ ಕೇಂದ್ರವೂ ಏರುತ್ತದೆ. ಈ ಕುಟುಂಬದ ಗಾಡಿಗಳಿಗೆ ಇದು ಹಳೆಯ ಚರ್ಚೆ. 1988ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಸಮುರಾಯ್ ತಿರುವಿನಲ್ಲಿ ಮಗುಚುತ್ತದೆ ಎಂದು ಬರೆಯಿತು. ಸುಜುಕಿ 1996ರಲ್ಲಿ ಕೋರ್ಟಿಗೆ ಹೋಯಿತು. 2004ರಲ್ಲಿ ರಾಜಿಯಾಯಿತು. ಅದು ಲಿಫ್ಟ್ ಮಾಡದ ಗಾಡಿಯ ಮೇಲಿನ ಜಗಳ. ಎತ್ತರಿಸಿದ ಮೇಲೆ ಘಾಟಿ ತಿರುವುಗಳಲ್ಲಿ ವೇಗ ಇಳಿಸಲೇಬೇಕು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. ರಸ್ತೆಗೆ ಇಳಿಸುವ ಗಾಡಿಯಾದರೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.

ಆರ್ಡರ್ ಕೊಡುವ ಮುನ್ನ ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಇಪ್ಪತ್ತು ವರ್ಷದ ಪ್ಲೇಟ್ ಕುಸಿದಿರುತ್ತದೆ. ಡ್ರೈವರ್ ಕಡೆ ಇನ್ನೂ ಜಾಸ್ತಿ. ಎಷ್ಟೋ ಜನರಿಗೆ ಬೇಕಿರುವುದು ಲಿಫ್ಟ್ ಅಲ್ಲ, ಹೊಸ ಕಂಪನಿ ಪ್ಲೇಟ್. ಹಳೆಯದನ್ನೇ ಸುತ್ತಿಗೆಯಲ್ಲಿ ಹೊಡೆದು ಮತ್ತೆ ಬಾಗಿಸಿ ಕೊಡುವವರಿದ್ದಾರೆ. ಸ್ವಲ್ಪ ಕಾಲ ಓಡುತ್ತದೆ. ಕಾಯಿಸಿ ಬಾಗಿಸುತ್ತೇನೆ ಎಂದರೆ ಬೇಡ ಅನ್ನಿ, ಉಕ್ಕಿನ ಹದ ಹೋಗುತ್ತದೆ.

ಜೋಡಿಸುವಾಗ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿಯೇ ಬಿಡಬೇಕು. ಗಾಡಿ ನೆಲಕ್ಕಿಳಿದು, ಪೂರ್ತಿ ಭಾರ ಪ್ಲೇಟ್ ಮೇಲೆ ಬಿದ್ದ ಮೇಲೆ ಬಿಗಿ ಮಾಡಬೇಕು. ಜ್ಯಾಕ್ ಮೇಲಿದ್ದಾಗಲೇ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಂಡು ಹರಿಯತೊಡಗುತ್ತದೆ. ಹೊಸ ಲಿಫ್ಟ್ ಗಡುಸು ಎಂದು ಬೈಸಿಕೊಳ್ಳುವ ಪ್ಲೇಟ್‌ಗಳಲ್ಲಿ ಕೆಲವದರ ತಪ್ಪು ಇಷ್ಟೇ. ಸೆಂಟರ್ ಬೋಲ್ಟ್ ತಲೆ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಎಂದು ಕಣ್ಣಲ್ಲಿ ನೋಡಿ. ಯು ಬೋಲ್ಟ್ ಹಳೆಯದು ಬೇಡ, ಹೊಸದೇ ಹಾಕಿಸಿ, ನಾಲ್ಕೂ ನಟ್‌ಗಳನ್ನು ಅಡ್ಡಡ್ಡವಾಗಿ ಸಮನಾಗಿ ಬಿಗಿಸಿ. ಪ್ಲೇಟ್‌ಗಳು ಒಂದಕ್ಕೊಂದು ಕೂತ ಮೇಲೆ ಯು ಬೋಲ್ಟ್ ಸಡಿಲವಾಗುವುದು ಸಹಜ. ಹಾಗಾಗಿ ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿಸಿ.